ಇಂಗ್ಲಿಷ್ ಭಾಷಣಕ್ಕೆ ಕ್ಲೋನಿಂಗ್: ಡಾಲಿ ಕುರಿಯೋ, ಆಲೂಗಡ್ಡೆಯೋ, ಜೀನ್ ಎಡಿಟಿಂಗೋ?

ಹೈಸ್ಕೂಲಿನಲ್ಲಿ ಇಂಗ್ಲಿಷ್ ಭಾಷಣಕ್ಕೋ ಪ್ರಾಜೆಕ್ಟಿಗೋ ‘ಕ್ಲೋನಿಂಗ್ ಮತ್ತು ಹೊಸ ತಂತ್ರಜ್ಞಾನ’ ಅಂತ ವಿಷಯ ಕೊಟ್ಟರೆ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಮಕ್ಕಳು ಸೀದಾ ಕ್ಲೋನ್ ಮಾಡಿ ಹುಟ್ಟಿಸಿದ ಡಾಲಿ ಕುರಿಯ ಹತ್ತಿರ ಹೋಗುತ್ತಾರೆ. ಮೊಬೈಲಿನಲ್ಲಿ ಮೊದಲು ಸಿಗುವುದು ಅದೇ. ಒಂದು ಪುಟ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ವೇದಿಕೆ ಮೇಲೆ ಒಂದು ಪದ ಮರೆತರೆ ಸಾಕು, ಮುಂದಿನದ್ದೆಲ್ಲ ಹೋಯಿತು. ಕಣ್ಣಾರೆ ಕಾಣದ ವಸ್ತುವಿನ ಬಗ್ಗೆ, ಅದೂ ಇನ್ನೂ ಕಲಿಯುತ್ತಿರುವ ಭಾಷೆಯಲ್ಲಿ ಮಾತಾಡುವಾಗ ಹಾಗಾಗುವುದು ಸಹಜ.

ಕ್ಲೋನಿಂಗ್ ಅನ್ನುವ ಹೆಸರಿನ ಕೆಳಗೆ ಬೇರೆ ಬೇರೆ ವಿಷಯಗಳಿವೆ. ಗಿಡದ ಕ್ಲೋನಿಂಗ್ ಇದೆ, ಪ್ರಾಣಿಯ ಕ್ಲೋನಿಂಗ್ ಇದೆ. ಪಕ್ಕದಲ್ಲೇ ಜೀನ್ ಎಡಿಟಿಂಗ್ ಇದೆ. ಮನುಷ್ಯರನ್ನು ಕ್ಲೋನ್ ಮಾಡಬಹುದೇ ಅನ್ನುವ ಚರ್ಚೆ ಇದೆ. ಈಗ ಧ್ವನಿಯ ಕ್ಲೋನಿಂಗೂ ಬಂದಿದೆ. ಒಂದೊಂದಕ್ಕೂ ಬೇಕಾಗುವ ವಿಜ್ಞಾನ ಬೇರೆ, ಇಂಗ್ಲಿಷ್ ಬೇರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಾಸನದ ಕಡೆಯವರಿಗೆ ಆಲೂಗಡ್ಡೆ, ಚಿಕ್ಕಮಗಳೂರಿನವರಿಗೆ ಕಾಫಿ ಗಿಡ. ಡಾಲಿ ಆಮೇಲೆ. ಯಾಕೆ ಅಂತ ನೋಡೋಣ.

ಗದ್ದೆ, ತೋಟದಲ್ಲೇ ಇರುವ ಕ್ಲೋನ್

ಕ್ಲೋನ್ ಅಂದರೆ ಒಂದೇ ಜೀವದಿಂದ ಬಂದು, ಅದರ ಜೀನ್‌ಗಳನ್ನೇ ಹೊತ್ತ ಇನ್ನೊಂದು ಜೀವ. ಈ ಲೆಕ್ಕದಲ್ಲಿ ಗಡ್ಡೆ ನೆಟ್ಟು ಬೆಳೆದ ಪ್ರತಿ ಆಲೂಗಡ್ಡೆ ಗಿಡವೂ ಕ್ಲೋನ್. ಬಾಳೆಯ ಕಂದು, ದಾಸವಾಳದ ಕಡ್ಡಿ, ಶುಂಠಿ ಗಡ್ಡೆ, ಬಾಟಲಿ ನೀರಿನಲ್ಲಿ ಬೇರು ಬಿಟ್ಟ ಮನಿ ಪ್ಲಾಂಟ್, ಎಲ್ಲವೂ ಕ್ಲೋನ್. ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿ ಪಾಠದಲ್ಲಿ ಇದೇ ಕಾಯಜ ಸಂತಾನೋತ್ಪತ್ತಿ ಅಂತ ಬರುತ್ತದೆ. ಅಂದರೆ ಬೇಕಾದ ವಿಜ್ಞಾನದಲ್ಲಿ ಅರ್ಧ ನೀವು ಆಗಲೇ ಓದಿದ್ದೀರಿ.

ಏಪ್ರಿಲ್, ಮೇ ಬಂತು ಅಂದರೆ ಹಾಸನದ ಎಪಿಎಂಸಿಗೆ ಪಂಜಾಬಿನ ಜಾಲಂಧರದಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬರುತ್ತವೆ. ಮನೆಯಲ್ಲಿ ಚೀಲ ಬಿಚ್ಚಿ ಗಡ್ಡೆ ಹೋಳು ಮಾಡುವುದನ್ನು ನೋಡಿದ್ದೀರಲ್ವಾ? ಅಮ್ಮನೋ ಅಜ್ಜಿಯೋ ಗಡ್ಡೆಯನ್ನು ಕೈಯಲ್ಲಿ ತಿರುಗಿಸಿ, ಕಣ್ಣು ಎಲ್ಲೆಲ್ಲಿದೆ ಅಂತ ನೋಡಿಯೇ ಚಾಕು ಇಡುತ್ತಾರೆ. ಪ್ರತಿ ಹೋಳಿನಲ್ಲೂ ಎರಡೋ ಮೂರೋ ಕಣ್ಣು ಉಳಿಯಬೇಕು. ಕಣ್ಣಿಲ್ಲದ ಹೋಳು ಮಣ್ಣಿನಲ್ಲಿ ಕೊಳೆಯುತ್ತದೆ ಅಷ್ಟೆ. ಆ ಕಣ್ಣೇ ಮೊಗ್ಗು. ಅದರಿಂದ ಬರುವ ಗಿಡ ಮೂಲ ಗಡ್ಡೆಯ ನಕಲು. ಕುಫ್ರಿ ಜ್ಯೋತಿ ಅನ್ನುವ ತಳಿ ನೆಟ್ಟರೆ ಕುಫ್ರಿ ಜ್ಯೋತಿಯೇ ಬರುವುದು ಇದೇ ಕಾರಣಕ್ಕೆ.

ಇದನ್ನು ಇಂಗ್ಲಿಷಿನಲ್ಲಿ ಹೇಳಲು ಕಷ್ಟದ ಪದ ಒಂದೂ ಬೇಡ. ‘ವಿ ಕಟ್ ದಿ ಪೊಟ್ಯಾಟೋ. ಈಚ್ ಪೀಸ್ ಹ್ಯಾಸ್ ಟು ಆರ್ ತ್ರೀ ಐಸ್. ಎ ನ್ಯೂ ಪ್ಲಾಂಟ್ ಗ್ರೋಸ್ ಫ್ರಮ್ ಆ್ಯನ್ ಐ.’ ಎಲ್ಲವೂ ಸಿಂಪಲ್ ಪ್ರೆಸೆಂಟ್. ಮರೆತರೂ ಮನೆಯ ಅಂಗಳ ನೆನಪಿಸಿಕೊಂಡು ಮತ್ತೆ ವಾಕ್ಯ ಕಟ್ಟಬಹುದು. ಬಾಯಿಪಾಠಕ್ಕೆ ಆ ಶಕ್ತಿ ಇಲ್ಲ. ಕೈಯಲ್ಲಿ ಒಂದು ಮೊಳಕೆ ಬಂದ ಆಲೂಗಡ್ಡೆ ಹಿಡಿದುಕೊಂಡೇ ಮಾತಾಡಬಹುದು. ಕೈಗೆ ಕೆಲಸ ಸಿಕ್ಕರೆ ಹೆದರಿಕೆಯೂ ಕಡಿಮೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಆಲೂಗಡ್ಡೆಯ ಕಥೆಗೆ ಜೀವ ಬರುವುದು ಮುಂದಿನ ಭಾಗದಲ್ಲಿ. ಎಲ್ಲ ಗಿಡವೂ ಒಂದೇ ಥರ ಇದ್ದರೆ, ಒಂದನ್ನು ಕೆಡವುವ ರೋಗ ಎಲ್ಲವನ್ನೂ ಕೆಡವುತ್ತದೆ. 1845ರಲ್ಲಿ ಐರ್ಲೆಂಡಿನಲ್ಲಿ ಆಗಿದ್ದು ಅದೇ. ಅಲ್ಲಿನ ಬಡವರು ಹೆಚ್ಚಾಗಿ ಲಂಪರ್ ಅನ್ನುವ ಒಂದೇ ತಳಿಯನ್ನು ನಂಬಿಕೊಂಡಿದ್ದರು. ಅಂಗಮಾರಿ ಅನ್ನುವ ರೋಗ ಬಂತು. ಹೊಲಗಳು ಕಪ್ಪಾದವು, ಗಡ್ಡೆ ಕೊಳೆಯಿತು. ಮುಂದಿನ ವರ್ಷಗಳ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಇನ್ನೂ ಅಷ್ಟೇ ಜನ ದೇಶ ಬಿಟ್ಟರು. ರೋಗವೊಂದೇ ಕಾರಣವಲ್ಲ, ಆಗಿನ ಬ್ರಿಟಿಷ್ ಆಡಳಿತದ ನೀತಿಯೂ ಕಾರಣ ಅಂತ ಸೇರಿಸಿ. ಈಗ ಮುಖ್ಯವಾದ ಮಾತು: ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಹಣ್ಣು ಮಾಡಿದ್ದೂ ಅದೇ ಅಂಗಮಾರಿ. ಎಷ್ಟೋ ಮನೆಯವರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋಗಿದ್ದಾರೆ. ನಿಮ್ಮ ಮನೆಯಲ್ಲೂ ಹಾಗಾಗಿದ್ದರೆ ಅಪ್ಪನನ್ನು ಕೇಳಿ, ಅವರ ಮಾತನ್ನೇ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಿ. ಜಡ್ಜ್‌ಗಳು ತಲೆ ಎತ್ತಿ ಕೇಳುವುದು ಅಲ್ಲೇ.

ಹೊಸ ತಂತ್ರಜ್ಞಾನ ಎಲ್ಲಿ ಬಂತು ಅಂತ ಯಾರಾದರೂ ಕೇಳಬಹುದು. ಅದಕ್ಕೂ ಉತ್ತರ ಹತ್ತಿರದಲ್ಲೇ ಇದೆ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್, ಅಂದರೆ ಗಿಡದ ಚೂರನ್ನು ಲ್ಯಾಬಿನಲ್ಲಿ ಬೆಳೆಸುವುದು) ಆಲೂಗಡ್ಡೆ ಸಸಿಗಳ ಕೆಲಸ ನಡೆದಿದೆ. ಲ್ಯಾಬಿನಲ್ಲಿ ರೋಗವಿಲ್ಲದ ತಾಯಿ ಸಸಿ ಬೆಳೆಸುತ್ತಾರೆ. ಅದರ ತುದಿ ಕತ್ತರಿಸಿ ಬೇರು ಬರಿಸುತ್ತಾರೆ. ಆ ಪುಟ್ಟ ಸಸಿ ನೆಟ್ಟು ಬಿತ್ತನೆ ಗಡ್ಡೆ ಪಡೆಯುತ್ತಾರೆ. ಬಿತ್ತನೆಗಾಗಿ ಪ್ರತಿ ವರ್ಷ ಪಂಜಾಬಿನ ದಾರಿ ಕಾಯುವುದು ತಪ್ಪಲಿ ಅನ್ನುವುದು ಉದ್ದೇಶ. ಕ್ಲೋನಿಂಗಿನಿಂದ ಬಂದ ತೊಂದರೆಗೆ ಇನ್ನೊಂದು ಬಗೆಯ ಕ್ಲೋನಿಂಗಿನಲ್ಲೇ ಒಂದಿಷ್ಟು ಪರಿಹಾರ! ಆದರೆ ಇದು ರೋಗವಿಲ್ಲದ ಬಿತ್ತನೆ ಕೊಡುತ್ತದೆಯೇ ಹೊರತು, ಮಳೆಗಾಲದಲ್ಲಿ ಗಾಳಿಯಲ್ಲಿ ಬರುವ ಅಂಗಮಾರಿಯನ್ನು ತಡೆಯುವುದಿಲ್ಲ. ಈ ಮಾತನ್ನೂ ಪ್ರಾಮಾಣಿಕವಾಗಿ ಹೇಳಿ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ತೋಟಗಳ ಕಡೆಯವರಾದರೆ ಕಾಫಿ ಹಿಡಿಯಿರಿ. ಬಾಬಾಬುಡನ್ ತಂದ ಏಳು ಬೀಜದಿಂದ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಹೇಳುತ್ತಾರೆ, ಮೇಲಾಗಿ ಅದು ಬೀಜದ ಕಥೆ. ನಿಮಗೆ ಬೇಕಿರುವುದು ಅರೇಬಿಕಾ ಮತ್ತು ರೊಬಸ್ಟಾ ನಡುವಿನ ವ್ಯತ್ಯಾಸ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹಾಗಾಗಿ ಬೀಜದ ಸಸಿ ಹೆಚ್ಚುಕಡಿಮೆ ತಾಯಿಯಂತೆಯೇ ಇರುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು. ತುಂಬಾ ಫಸಲು ಕೊಡುವ ಗಿಡ ಅಂತ ಅದರ ಬೀಜ ಹಾಕಿದರೆ ಒಂದು ಸಸಿ ಒಂದು ಥರ, ಇನ್ನೊಂದು ಇನ್ನೊಂದು ಥರ. ಒಳ್ಳೆಯ ರೊಬಸ್ಟಾ ಗಿಡವನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಕಡ್ಡಿಯಿಂದ ಬೆಳೆಸಬೇಕು, ಅಂದರೆ ಕ್ಲೋನ್ ಮಾಡಬೇಕು.

ಅದರಲ್ಲೂ ಒಂದು ಸೊಗಸಾದ ವಿಷಯ ಇದೆ. ಗಿಡದ ಕಾಂಡದಿಂದ ನೆಟ್ಟಗೆ ಮೇಲಕ್ಕೆ ಬರುವ ಕಂಬಚಿಗುರನ್ನು ಆಳುಗಳು ಮುರಿದು ಹಾಕುವುದನ್ನು ನೋಡಿರುತ್ತೀರಿ. ಕ್ಲೋನ್ ಮಾಡಲು ಬೇಕಾಗುವುದು ಆ ಚಿಗುರೇ. ಒಂದು ಗಿಣ್ಣು, ಅದರ ಜೋಡಿ ಎಲೆ ಇರುವ ತುಂಡು ತೆಗೆದು, ನೀರು ಜಾಸ್ತಿ ಆರದಿರಲಿ ಅಂತ ಎಲೆಯನ್ನು ಅರ್ಧಕ್ಕೆ ಕತ್ತರಿಸಿ, ಪಾಲಿಥಿನ್ ಕವರಿನ ಒಳಗೆ ತೇವದಲ್ಲಿ ಬೇರು ಬರಿಸುತ್ತಾರೆ. ಪಕ್ಕಕ್ಕೆ ಚಾಚಿದ ಕೊಂಬೆಯನ್ನು, ಅಂದರೆ ರೆಕ್ಕೆಯನ್ನು ನೆಟ್ಟರೆ? ಬೇರು ಬರಬಹುದು, ಆದರೆ ಗಿಡ ಮೇಲಕ್ಕೆ ಏಳದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಜೀನ್ ಎಲ್ಲ ಒಂದೇ, ಆದರೂ ಗಿಡದ ಆಕಾರ ಬೇರೆ. ಕ್ಲೋನ್ ಅಂದ ಮಾತ್ರಕ್ಕೆ ಕಣ್ಣಿಗೆ ಪಡಿಯಚ್ಚು ಆಗಿರಬೇಕಿಲ್ಲ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆ. ಪ್ರಾಜೆಕ್ಟ್ ಆದರೆ ಶಾಲೆಯಿಂದ ಒಂದು ಪತ್ರ ಬರೆದು, ನರ್ಸರಿ ನೋಡಬಹುದೇ ಅಂತ ಮೇಷ್ಟ್ರು ಕೇಳಿ ನೋಡಲಿ.

ಪೇಟೆ ಮಕ್ಕಳಿಗೆ ಹೊಲವೂ ಇಲ್ಲ, ತೋಟವೂ ಇಲ್ಲ ಅಂದರೆ ಬಾಳೆ ಸಾಕು. ಅಂಗಡಿಯಲ್ಲಿ ಸಿಗುವ ಜಿ-9 ಪಚ್ಚಬಾಳೆ ಹೆಚ್ಚಾಗಿ ಅಂಗಾಂಶ ಕೃಷಿಯ ಸಸಿಯಿಂದಲೇ ಬಂದದ್ದು. ಹಿಂದೆ ಅಮೆರಿಕ, ಯೂರೋಪಿಗೆ ಹೋಗುತ್ತಿದ್ದ ಗ್ರೋಸ್ ಮಿಷೆಲ್ ತಳಿ 1950–60ರ ದಶಕಗಳಲ್ಲಿ ಪನಾಮಾ ರೋಗಕ್ಕೆ ಸಿಕ್ಕಿ ಮಾರುಕಟ್ಟೆಯಿಂದಲೇ ಹೋಯಿತು. ಅದರ ಜಾಗಕ್ಕೆ ಬಂದದ್ದು ಜಿ-9ರ ಬಳಗದ ಕ್ಯಾವೆಂಡಿಶ್.

ಡಾಲಿ: ಕಥೆ ಹೇಳಲು ಬರುವವರಿಗೆ

ಡಾಲಿಯನ್ನು ನಾನು ಬೇಡ ಅನ್ನುವುದಿಲ್ಲ. ಕಥೆ ಹೇಳುವ ಗಂಟಲು ಇರುವವರಿಗೆ ಅದು ಒಳ್ಳೆಯ ವಿಷಯ. ಆದರೆ ಇಲ್ಲಿ ಬೇಕಾಗುವ ಇಂಗ್ಲಿಷ್ ಬೇರೆ. ಎಲ್ಲವೂ ಪಾಸ್ಟ್ ಟೆನ್ಸ್, ಅದರಲ್ಲೂ ಪ್ಯಾಸಿವ್. ‘ವಾಸ್ ಟೇಕನ್’, ‘ವಾಸ್ ರಿಮೂವ್ಡ್’, ‘ವಾಸ್ ಬಾರ್ನ್’. ಪ್ಯಾಸಿವ್ ವಾಯ್ಸ್ ಕೈಗೆ ಬರದ ಮಕ್ಕಳು ಇಲ್ಲೇ ಎಡವುತ್ತಾರೆ. ‘ನ್ಯೂಕ್ಲಿಯಸ್’ (ಕೋಶಕೇಂದ್ರ), ‘ಎಂಬ್ರಿಯೊ’ (ಭ್ರೂಣ), ‘ಸರೋಗೇಟ್’ (ಬಾಡಿಗೆ ತಾಯಿ) ಈ ಮೂರು ಪದ ತಡವರಿಸದೆ ಬರಬೇಕು. ದಿನಾ ಜೋರಾಗಿ ಓದಿದರೆ ಬರುತ್ತದೆ.

ಕಥೆಯ ತಿರುಳು ಇಷ್ಟು. ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ರೋಸ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಮತ್ತು ಅವರ ತಂಡ ಆರು ವರ್ಷದ ಒಂದು ಬಿಳಿ ಮುಖದ ಕುರಿಯ ಕೆಚ್ಚಲಿನಿಂದ ಜೀವಕೋಶ ತೆಗೆದರು. ಕಪ್ಪು ಮುಖದ ಇನ್ನೊಂದು ತಳಿಯ ಕುರಿಯ ಅಂಡಾಣು ತೆಗೆದುಕೊಂಡು ಅದರ ಕೋಶಕೇಂದ್ರ ತೆಗೆದುಹಾಕಿದರು. ಎರಡನ್ನೂ ಸಣ್ಣ ವಿದ್ಯುತ್ ಹಾಯಿಸಿ ಬೆಸೆದರು. ಬೆಳೆದ ಭ್ರೂಣವನ್ನು ಮತ್ತೊಂದು ಕಪ್ಪು ಮುಖದ ಕುರಿಯ ಗರ್ಭದಲ್ಲಿ ಇಟ್ಟರು. 1996ರ ಜುಲೈ 5ರಂದು ಕಪ್ಪು ಮುಖದ ತಾಯಿಯ ಹೊಟ್ಟೆಯಿಂದ ಬಿಳಿ ಮುಖದ ಮರಿ ಹುಟ್ಟಿತು. ಈ ಒಂದು ಚಿತ್ರವನ್ನು ಕೇಳುವವರ ಕಣ್ಣಿಗೆ ಕಟ್ಟಿಸಿ. ಡಿಎನ್‌ಎ ಪರೀಕ್ಷೆಯ ವಿವರ ಬೇಡ, ಮುಖದ ಬಣ್ಣವೇ ಹೇಳುತ್ತದೆ. ಆಮೇಲೆ ಅಂಕಿ ಹೇಳಿ: ಬೆಸೆದ ಅಂಡಾಣು 277, ಬೆಳೆದ ಭ್ರೂಣ 29, ಹುಟ್ಟಿದ್ದು ಒಂದೇ ಮರಿ.

ಮಕ್ಕಳ ಭಾಷಣಗಳಲ್ಲಿ ಮತ್ತೆ ಮತ್ತೆ ಬರುವ ತಪ್ಪು ಒಂದಿದೆ. ‘ಡಾಲಿ ಕ್ಲೋನ್ ಆಗಿದ್ದರಿಂದ ಬೇಗ ಮುದಿಯಾಗಿ ಸತ್ತಿತು’ ಅನ್ನುವುದು. ಡಾಲಿ 2003ರ ಫೆಬ್ರವರಿಯಲ್ಲಿ ಆರು ವರ್ಷಕ್ಕೇ ಹೋದದ್ದು ನಿಜ. ಕಾರಣ ವೈರಸ್ಸಿನಿಂದ ಬರುವ ಶ್ವಾಸಕೋಶದ ಗಡ್ಡೆ. ಕ್ಲೋನ್ ಅಲ್ಲದ ಕುರಿಗಳಿಗೂ ಬರುವ ಕಾಯಿಲೆ ಅದು. ಡಾಲಿ ಬಂದ ಜೀವಕೋಶಗಳಿಂದಲೇ ಆಮೇಲೆ ಮಾಡಿದ ನಾಲ್ಕು ಕುರಿಗಳು ವಯಸ್ಸಾದ ಮೇಲೂ ಆರೋಗ್ಯವಾಗಿವೆ ಅಂತ 2016ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ವರದಿ ಮಾಡಿದರು. ಇದನ್ನು ಹೇಳಿದ ಮಗು ಬರೀ ಕಾಪಿ ಹೊಡೆದಿಲ್ಲ, ಓದಿದೆ ಅಂತ ಗೊತ್ತಾಗುತ್ತದೆ.

ಡಾಲಿಯಿಂದ ಭಾರತಕ್ಕೆ ಬನ್ನಿ. ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರವರಿಯಲ್ಲಿ ಮೊದಲ ಕ್ಲೋನ್ ಎಮ್ಮೆ ಕರು ಹುಟ್ಟಿತು. ಅದು ಕೆಲವೇ ದಿನ ಬದುಕಿತು. ಜೂನಿನಲ್ಲಿ ಗರಿಮಾ ಅನ್ನುವ ಇನ್ನೊಂದು ಕ್ಲೋನ್ ಎಮ್ಮೆ ಕರು ಹುಟ್ಟಿತು. 2023ರ ಮಾರ್ಚಿನಲ್ಲಿ ಗಿರ್ ತಳಿಯ ಹಸುವಿನ ಕ್ಲೋನ್ ಗಂಗಾ. ಹಾಲಿನ ಡೇರಿಗೆ ದಿನಾ ಕ್ಯಾನ್ ಹೊರುವ ನಮ್ಮ ಮಕ್ಕಳಿಗೆ ಇದು ಕುರಿಗಿಂತ ಹತ್ತಿರ. ಒಂದು ಎಚ್ಚರಿಕೆ: ಊರಿಗೆ ಡಾಕ್ಟರು ಬಂದು ಹಸುವಿಗೆ ವೀರ್ಯ ಹಾಕಿ ಗಬ್ಬ ಮಾಡಿಸುವುದು ಕೃತಕ ಗರ್ಭಧಾರಣೆ. ಅದರಲ್ಲಿ ಹೋರಿಯ ಪಾಲೂ ಇರುತ್ತದೆ. ಅದನ್ನು ಕ್ಲೋನಿಂಗ್ ಅಂತ ಹೇಳಿಬಿಡಬೇಡಿ.

ಅಜ್ಜಂಪುರದ ಕಡೆಯವರು ಅಮೃತ್ ಮಹಲ್ ತಳಿಯ ಪ್ರಶ್ನೆ ಎತ್ತಬಹುದು. ಕಡಿಮೆಯಾಗುತ್ತಿರುವ ತಳಿಯನ್ನು ಕ್ಲೋನ್ ಮಾಡಿ ಉಳಿಸಬಹುದೇ? ಅಮೆರಿಕದಲ್ಲಿ 1988ರಲ್ಲಿ ತೆಗೆದು ಶೀತದಲ್ಲಿಟ್ಟ ಜೀವಕೋಶಗಳಿಂದ 2020ರಲ್ಲಿ ಕಪ್ಪು ಕಾಲಿನ ಫೆರೆಟ್ ಅನ್ನುವ ಅಪರೂಪದ ಪ್ರಾಣಿಯನ್ನು ಹುಟ್ಟಿಸಿದರು. ಸ್ಪೇನಿನಲ್ಲಿ ನಿರ್ನಾಮವಾದ ಒಂದು ಕಾಡು ಮೇಕೆಯನ್ನು 2003ರಲ್ಲಿ ಹುಟ್ಟಿಸಿದಾಗ ಅದು ಕೆಲವೇ ನಿಮಿಷ ಬದುಕಿತು. ನನ್ನ ಪ್ರಕಾರ ಉತ್ತರ ಹೀಗಿರಬೇಕು: ಒಂದೇ ಹಸುವಿನ ನೂರು ನಕಲಿನಿಂದ ತಳಿ ಉಳಿಯುವುದಿಲ್ಲ. ತಳಿಯೊಳಗಿನ ವೈವಿಧ್ಯ ಉಳಿಯಬೇಕು, ಮೇಯಲು ಹುಲ್ಲುಗಾವಲು ಉಳಿಯಬೇಕು.

ಜೀನ್ ಎಡಿಟಿಂಗ್

ಇದನ್ನು ವಿಜ್ಞಾನದಲ್ಲಿ ನಿಜವಾಗಿ ಆಸಕ್ತಿ ಇರುವವರು ಮಾತ್ರ ತೆಗೆದುಕೊಳ್ಳಲಿ. ಮೊದಲಿಗೆ, ಇದು ಕ್ಲೋನಿಂಗ್ ಅಲ್ಲ. ಕ್ಲೋನಿಂಗ್ ಇದ್ದದ್ದನ್ನು ಇದ್ದಹಾಗೆ ಜೆರಾಕ್ಸ್ ಮಾಡಿದ ಹಾಗೆ. ಜೀನ್ ಎಡಿಟಿಂಗ್ ಡಿಎನ್‌ಎಯ ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸಿ ಬದಲಾವಣೆ ಮಾಡುತ್ತದೆ. ಕ್ರಿಸ್ಪರ್ ಅನ್ನುವ ಈ ವಿಧಾನ ಬ್ಯಾಕ್ಟೀರಿಯಾಗಳು ವೈರಸ್ ವಿರುದ್ಧ ಬಳಸುವ ಉಪಾಯದಿಂದ ಬಂದದ್ದು. ಇಮ್ಯಾನುಯೆಲ್ ಶಾರ್ಪೆಂಟಿಯೇ ಮತ್ತು ಜೆನಿಫರ್ ಡೌಡ್ನಾ 2012ರಲ್ಲಿ ಪ್ರಕಟಿಸಿದ ಕೆಲಸಕ್ಕೆ 2020ರ ರಸಾಯನಶಾಸ್ತ್ರದ ನೊಬೆಲ್ ಬಂತು. ಇಬ್ಬರೂ ಹೆಂಗಸರು ಅನ್ನುವುದನ್ನು ಹೆಣ್ಣುಮಕ್ಕಳು ಮರೆಯದೆ ಹೇಳಲಿ.

ನಮ್ಮ ದೇಶದ ಉದಾಹರಣೆಯೂ ಇದೆ. 2025ರ ಮೇ ತಿಂಗಳಿನಲ್ಲಿ ಜೀನ್ ಎಡಿಟ್ ಮಾಡಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಕಮಲಾ ಅನ್ನುವುದು ಸಾಂಬಾ ಮಸೂರಿಯಿಂದ ಬಂದದ್ದು, ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯದ್ದು. ಇನ್ನೊಂದು ದೆಹಲಿಯ ಪೂಸಾ ಡಿಎಸ್‌ಟಿ ರೈಸ್ 1, ಬರ ಮತ್ತು ಉಪ್ಪು ನೆಲ ತಡೆದುಕೊಳ್ಳಲಿ ಅಂತ ಮಾಡಿದ್ದು. ಮನುಷ್ಯರ ವಿಷಯಕ್ಕೆ ಬಂದರೆ, ಕುಡಗೋಲು ಕಣ ರಕ್ತಹೀನತೆಗೆ (ಸಿಕಲ್ ಸೆಲ್) ಕ್ರಿಸ್ಪರ್ ಚಿಕಿತ್ಸೆಯನ್ನು 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಒಪ್ಪಿತು. ನಮ್ಮ ರಾಜ್ಯದ ಬುಡಕಟ್ಟು ಜನರಲ್ಲೂ ಇರುವ ಕಾಯಿಲೆ ಇದು. ಆದರೆ ಚಿಕಿತ್ಸೆಯ ಬೆಲೆ ಕೋಟಿಗಳಲ್ಲಿದೆ. ಇನ್ನೊಂದು ಮುಖವೂ ಇದೆ. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ ಭ್ರೂಣದಲ್ಲೇ ಜೀನ್ ತಿದ್ದಿ ಅವಳಿ ಮಕ್ಕಳು ಹುಟ್ಟಿದ್ದಾರೆ ಅಂದಾಗ ಜಗತ್ತಿನ ವಿಜ್ಞಾನಿಗಳೇ ಸಿಟ್ಟಾದರು. ಅವನಿಗೆ ಮೂರು ವರ್ಷ ಜೈಲಾಯಿತು.

ಇಂಗ್ಲಿಷಿನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಕಷ್ಟ. ಪದಗಳೂ ಭಾರ, ಕೇಳುವವರಿಗೂ ಹೊಸದು. ಐದು ನಿಮಿಷದ ಭಾಷಣಕ್ಕಿಂತ ಬರೆಯುವ ಪ್ರಬಂಧಕ್ಕೆ, ಚಾರ್ಟ್ ಇಟ್ಟು ವಿವರಿಸುವ ಸೆಮಿನಾರಿಗೆ ಹೊಂದುತ್ತದೆ.

ಉಳಿದ ಎರಡು

ಮನುಷ್ಯರ ಕ್ಲೋನಿಂಗನ್ನು ಭಾಷಣಕ್ಕೆ ತೆಗೆದುಕೊಳ್ಳಬೇಡಿ. ಮನುಷ್ಯರ ಕ್ಲೋನ್ ಹುಟ್ಟಿದೆ ಅನ್ನುವುದಕ್ಕೆ ಇವತ್ತಿನವರೆಗೂ ಪುರಾವೆ ಇಲ್ಲ. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮಗಳು ಅದನ್ನು ನಿಷೇಧಿಸುತ್ತವೆ. ಹೇಳಲು ಸಂಗತಿ ಕಡಿಮೆ ಇರುವಾಗ ಮಾತು ಸುಮ್ನೆ ಸಿನಿಮಾ ಕಡೆಗೆ ಜಾರುತ್ತದೆ. ಪರ–ವಿರೋಧದ ಚರ್ಚಾ ಸ್ಪರ್ಧೆಯಾದರೆ ಮಾತ್ರ ಸರಿ, ಅಲ್ಲಿ ‘ಶುಡ್’, ‘ಕುಡ್’, ‘ಇಫ್’ ಬಳಸುವುದನ್ನು ಚೆನ್ನಾಗಿ ಕಲಿಯಬಹುದು.

ಧ್ವನಿಯ ಕ್ಲೋನಿಂಗ್ ಚರ್ಚೆಗೆ ಅದಕ್ಕಿಂತ ಒಳ್ಳೆಯದು. ಕೆಲವೇ ಸೆಕೆಂಡುಗಳ ಮಾತು ಸಿಕ್ಕರೆ ಕಂಪ್ಯೂಟರ್ ಅದೇ ಗಂಟಲಿನಲ್ಲಿ ಬೇರೆ ಮಾತು ಆಡುತ್ತದೆ. ಮೈಕ್ರೋಸಾಫ್ಟ್ 2023ರಲ್ಲಿ ಮೂರು ಸೆಕೆಂಡಿನ ಮಾದರಿ ಸಾಕು ಅಂತ ತೋರಿಸಿತು. ‘ಅಪ್ಪಾ, ಆಕ್ಸಿಡೆಂಟ್ ಆಗಿದೆ, ದುಡ್ಡು ಹಾಕು’ ಅಂತ ಮಗನ ದನಿಯಲ್ಲೇ ಫೋನ್ ಬಂದರೆ ಏನು ಮಾಡಬೇಕು? ಫೋನ್ ಇಟ್ಟು ಮಗನ ನಂಬರಿಗೆ ವಾಪಸ್ ಮಾಡಬೇಕು. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇದನ್ನು ಇಬ್ಬರು ಸೇರಿ ಸಂಭಾಷಣೆಯಾಗಿ ಮಾಡಿದರೆ ಮಾತಾಡುವ ಇಂಗ್ಲಿಷ್ ಚೆನ್ನಾಗಿ ರೂಢಿಯಾಗುತ್ತದೆ. ಮನೆಯವರಿಗೂ ಉಪಯೋಗ.

ವಿಷಯ ಬರೀ ‘ಹೊಸ ತಂತ್ರಜ್ಞಾನ’ ಅಂತಿದ್ದು ಕ್ಲೋನಿಂಗ್ ಕಡ್ಡಾಯ ಇಲ್ಲದಿದ್ದರೆ, ಹಾಸನದವರಿಗೆ ಊರಿನಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ.

ವಿಷಯ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ

ಪ್ರತಿಭಾ ಕಾರಂಜಿಯ ಆಶುಭಾಷಣದಂಥ ಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ‘ಕ್ಲೋನಿಂಗ್’ ಅಂತಷ್ಟೇ ಬರಬಹುದು. ಆಗ ಆಲೂಗಡ್ಡೆಯ ಕಣ್ಣಿನಿಂದ ಶುರು ಮಾಡಿ, ಕಪ್ಪು ಮುಖದ ಕುರಿಗೆ ಹುಟ್ಟಿದ ಬಿಳಿ ಮರಿಗೆ ಹೋಗಿ, ಕರ್ನಾಲಿನ ಗಂಗಾಳ ಹತ್ತಿರ ಬಂದು, ಅಂಗಮಾರಿ ರೋಗದಲ್ಲಿ ಮುಗಿಸಿ. ನಾಲ್ಕೂ ಚಿತ್ರಗಳೇ ಆದ್ದರಿಂದ ಒಂದರ ಹಿಂದೆ ಒಂದು ನೆನಪಿಗೆ ಬರುತ್ತವೆ.

ಪ್ರಶ್ನೆಗಳಿಗೂ ತಯಾರಾಗಿ. ಹೆಚ್ಚಾಗಿ ಕೇಳುವುದು ಎರಡು. ಡಾಲಿ ನೂರಕ್ಕೆ ನೂರು ನಕಲೇ ಅಂದರೆ: ಅಲ್ಲ, ಮೈಟೊಕಾಂಡ್ರಿಯದ ಸ್ವಲ್ಪ ಡಿಎನ್‌ಎ ಅಂಡಾಣು ಕೊಟ್ಟ ಕುರಿಯಿಂದ ಬಂದಿತ್ತು. ಅವಳಿ ಮಕ್ಕಳು ಕ್ಲೋನೇ ಅಂದರೆ: ಒಂದೇ ಭ್ರೂಣ ಒಡೆದು ಹುಟ್ಟಿದ ಅವಳಿಗಳು ಒಬ್ಬರಿಗೊಬ್ಬರು ಸಹಜ ಕ್ಲೋನ್‌ಗಳು, ಆದರೆ ಅಪ್ಪ ಅಮ್ಮನ ಕ್ಲೋನ್ ಅಲ್ಲ. ಈ ಎರಡು ಉತ್ತರಗಳನ್ನು ನಿಮ್ಮದೇ ಇಂಗ್ಲಿಷಿನಲ್ಲಿ, ಒಂದೊಂದೇ ವಾಕ್ಯದಲ್ಲಿ ಬರೆದುಕೊಂಡು ಗೆಳೆಯರಿಂದ ಕೇಳಿಸಿಕೊಂಡು ಅಭ್ಯಾಸ ಮಾಡಿ.